ಗುದ್ದಲಿ ಕೊಡಲಿಗಳ ಕಾವನ್ನು ನಯಗೊಳಿಸುವ ಕ್ರಮ

ಕಡೂರಿನ ರಾಗಿಯ ಹೊಲಗಳಲ್ಲಿಯೂ, ಅಜ್ಜಂಪುರದ ಎರೆಭೂಮಿಯಲ್ಲಿಯೂ, ತರೀಕೆರೆಯ ಅಡಕೆಯ ತೋಟಗಳಲ್ಲಿಯೂ ಗುದ್ದಲಿ ಕೊಡಲಿಗಳಿಲ್ಲದೆ ಕೆಲಸ ಸಾಗದು. ಕಬ್ಬಿಣವನ್ನು ಪರೀಕ್ಷಿಸಿ ಕೊಳ್ಳುವ ಯಜಮಾನರು ಕಾವಿನ ಕಡೆಗೆ ಲಕ್ಷ್ಯವಿಡುವುದು ಅಪರೂಪ. ಒರಟು ಕಾವಿನಿಂದ ಆಳಿನ ಅಂಗೈ ಬೊಬ್ಬೆಯೇಳುವುದು. ಸಡಿಲವಾದ ಕಾವಿನಿಂದ ಕೊಡಲಿ ಕಳಚಿ ಹಾರಿದರೆ ಪ್ರಾಣಕ್ಕೇ ಅಪಾಯ.

ಕಾವಿಗೆ ದಿಂಡಿಗ ಅಥವಾ ಕರಿಜಾಲಿ ಉತ್ತಮ. ಎಳೆ ನೇರವಾಗಿರುವ, ಗಂಟಿಲ್ಲದ ತುಂಡನ್ನು ಆರಿಸಿ ನೆರಳಿನಲ್ಲಿ ಒಣಗಿಸತಕ್ಕದ್ದು. ಹಸಿಯ ಮರವು ಬೇಸಿಗೆಯಲ್ಲಿ ಕುಗ್ಗಿ ಸಡಿಲವಾಗುವುದು. ಆಗ ಅದನ್ನು ನೀರಿನಲ್ಲಿ ನೆನೆಸುವ ರೂಢಿಯುಂಟು. ಆದರೆ ಉಬ್ಬಿದ ಮರವು ಕಬ್ಬಿಣದ ಕಣ್ಣಿನೊಳಗೆ ಜಜ್ಜಿಹೋಗಿ, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುವುದು. ಬೆಣೆ ಹೊಡೆಯುವುದೇ ಸರಿಯಾದ ಉಪಾಯ.

ಬಾಚಿಯಿಂದ ಕೆತ್ತಿದ ಕಾವನ್ನು ಅರದಿಂದ ಸರಿಮಾಡಿ, ಮೊದಲು ಒರಟು, ಬಳಿಕ ನಯವಾದ ಉಪ್ಪುಕಾಗದದಿಂದ ಎಳೆಯ ನೇರಕ್ಕೆ ತಿಕ್ಕಬೇಕು. ಒದ್ದೆ ಬಟ್ಟೆಯಿಂದ ಒರಸಿ, ಒಣಗಿದ ಮೇಲೆ ಎದ್ದ ಸಿಬಿರುಗಳನ್ನು ಮತ್ತೊಮ್ಮೆ ತಿಕ್ಕಿ ತೆಗೆಯಬೇಕು. ಅನಂತರ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಸ್ವಲ್ಪ ಹೊತ್ತಿನ ಮೇಲೆ ಹೆಚ್ಚಾದುದನ್ನು ಒರಸಿ ಒಣಗಬಿಡತಕ್ಕದ್ದು. ಹೀಗೆ 3 ಸಾರಿ ಮಾಡಿದರೆ ಸಾಕು. ಹರಳೆಣ್ಣೆ, ಹೊಂಗೆಯೆಣ್ಣೆಗಳು ಗಟ್ಟಿಯಾಗವು. ವಾರ್ನಿಷು ಹೊಳೆದರೂ ಬೆವರಿದ ಕೈಗೆ ಜಾರುವುದು.

ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಬಣವೆಯ ಬಳಿ ಎಸೆಯಕೂಡದು. ಅಗಸೆ ಎಣ್ಣೆಯು ಗಾಳಿಯಲ್ಲಿ ಗಟ್ಟಿಯಾಗುವಾಗ ಹುಟ್ಟುವ ಶಾಖದಿಂದ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಿ, ಬಯಲಿನಲ್ಲಿ ಹರಡಿ ಒಣಗಿಸತಕ್ಕದ್ದು.

ಊರಿನ ಮುಖಂಡರು ಬಿತ್ತನೆಗೆ ಮುಂಚೆಯೇ ತಮ್ಮ ಆಳುಗಳ ಉಪಕರಣಗಳನ್ನು ಹೀಗೆ ಸಿದ್ಧಪಡಿಸಿದರೆ ಕೆಲಸವೂ ಹೆಚ್ಚುವುದು, ಕೈಯೂ ಉಳಿಯುವುದು.