ನೇತ್ರಾವತಿ ಸೀಮೆಯ ಸಾಮೂಹಿಕ ಮದುವೆ

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಕ್ಷೇತ್ರದಲ್ಲಿ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಉಚಿತ ಸಾಮೂಹಿಕ ವಿವಾಹವನ್ನು ಆರಂಭಿಸಿದ್ದು 1972ರಲ್ಲಿ. ಮದುವೆಯ ಸಾಲ, ವರದಕ್ಷಿಣೆ ಎರಡನ್ನೂ ತಪ್ಪಿಸುವುದು ಉದ್ದೇಶ. ವಧುವಿಗೆ ಸೀರೆ, ರವಿಕೆ ಕಣ, ಮಂಗಳಸೂತ್ರ. ವರನಿಗೆ ಧೋತಿ, ಶಾಲು. ಊಟದ ಖರ್ಚೂ ಕ್ಷೇತ್ರದ್ದೇ. ಎರಡನೇ ಮದುವೆಗೆ ಅವಕಾಶವಿಲ್ಲ. ಮುಹೂರ್ತ ಸಂಜೆಯ ಗೋಧೂಳಿ ಲಗ್ನ. ಜಾತಿ ಬೇರೆಯಾದ ಜೋಡಿಗಳೂ ಇಲ್ಲಿ ಹಾರ ಬದಲಿಸಿಕೊಳ್ಳುತ್ತಾರೆ. ಊರಿನ ಛತ್ರದಲ್ಲಿ ಇದು ಅಷ್ಟು ಸುಲಭವಲ್ಲ.

ಹಾಗೆ ಮದುವೆಯಾದವರಿಗೆ ಧರ್ಮಸ್ಥಳ ತವರಿದ್ದಂತೆ. ಮಗುವಿನ ಮುಡಿ ಕೊಡಲು, ತುಲಾಭಾರದ ಹರಕೆ ತೀರಿಸಲು ಹಲವರು ಮತ್ತೆ ಬರುತ್ತಾರೆ. ನೇತ್ರಾವತಿ ಸ್ನಾನಘಟ್ಟದಲ್ಲಿ ಮಿಂದು, ಮಂಜುನಾಥನ ದರ್ಶನ ಮುಗಿಸಿ, ಅನ್ನಪೂರ್ಣ ಛತ್ರದಲ್ಲಿ ಪಂಕ್ತಿಗೆ ಕೂರುವುದು ವಾಡಿಕೆ. ಉಳಿಯಲು ಹೋಟೆಲ್ ಹುಡುಕಬೇಕಿಲ್ಲ. ಕ್ಷೇತ್ರದ್ದೇ ಆದ ಗಂಗೋತ್ರಿ, ಶರಾವತಿ, ವೈಶಾಲಿ ಎಂಬ ವಸತಿಗೃಹಗಳಿವೆ.