ಅಲ್ಪವಿರಾಮ ಎಲ್ಲಿ ಬೀಳಬೇಕು?

03/04/2025 ಎಂದು ಬರೆದರೆ ಭಾರತದಲ್ಲಿ ಏಪ್ರಿಲ್ ಮೂರು, ಅಮೆರಿಕದಲ್ಲಿ ಮಾರ್ಚ್ ನಾಲ್ಕು. ತಾರೀಖು ಹನ್ನೆರಡು ದಾಟಿದ ಮೇಲಷ್ಟೇ ದಿನ ಯಾವುದು, ತಿಂಗಳು ಯಾವುದು ಎಂಬ ಗೊಂದಲ ತಾನಾಗಿ ಕಳೆಯುತ್ತದೆ. ಸಂಖ್ಯೆಗಳ ಪಾಡೂ ಇದೇ. ಇಲ್ಲಿನ 12,34,567 ಅಮೆರಿಕದಲ್ಲಿ 1,234,567 ಆಗುತ್ತದೆ, ಜರ್ಮನಿಯಲ್ಲಿ 1.234.567. ಜರ್ಮನ್ನರಿಗೆ ಚುಕ್ಕಿ ಸಾವಿರದ ಗುರುತು, ಅಲ್ಪವಿರಾಮವೇ ದಶಮಾಂಶ. ಅಲ್ಲಿನವರು 1.500 ಎಂದು ತುಂಬಿದ್ದನ್ನು ತಂತ್ರಾಂಶ ಒಂದೂವರೆ ಎಂದು ಓದಿಕೊಂಡರೆ ಸಾವಿರದೈನೂರು ಯೂರೊ ಒಂದೂವರೆ ಯೂರೊಗೆ ಇಳಿಯುತ್ತದೆ.

ವೆಬ್ ಆ್ಯಪ್‌ಗಳಲ್ಲಿ ಇದಕ್ಕಿರುವ ಮದ್ದು ಸರಳ: ಕೂಡಿಡುವ ರೂಪ ಬೇರೆ, ತೋರಿಸುವ ರೂಪ ಬೇರೆ. ಡೇಟಾಬೇಸ್‌ನಲ್ಲಿ ಸಂಖ್ಯೆ ಯಾವ ಗುರುತೂ ಇಲ್ಲದೆ ಇರಬೇಕು. ದಿನಾಂಕ 2025-04-03 ಎಂದು, ಅಂದರೆ ವರ್ಷ, ತಿಂಗಳು, ದಿನ ಎಂಬ ಐಎಸ್ಒ 8601 ಕ್ರಮದಲ್ಲಿರಬೇಕು. ಅಲಂಕಾರವೆಲ್ಲ ಪರದೆಯ ಮೇಲೆ ಮಾತ್ರ.

ಆ ಅಲಂಕಾರದ ನಿಯಮಗಳನ್ನು ಪ್ರೋಗ್ರಾಮರ್ ತಾನೇ ಬರೆಯಹೊರಡುವುದು ವ್ಯರ್ಥ ಸಾಹಸ. ಥಾಯ್ಲೆಂಡ್‌ನ ಬೌದ್ಧ ಪಂಚಾಂಗದಲ್ಲಿ 2025 ಎಂಬುದು 2568. ಜಪಾನಿನಲ್ಲಿ ಚಕ್ರವರ್ತಿ ಬದಲಾದರೆ ಶಕೆಯೇ ಬದಲಾಗುತ್ತದೆ. ಇಂಥ ರೂಢಿಗಳನ್ನೆಲ್ಲ ಯೂನಿಕೋಡ್ ಒಕ್ಕೂಟ ಸಿಎಲ್‌ಡಿಆರ್ ಎಂಬ ಭಂಡಾರದಲ್ಲಿ ಕಲೆಹಾಕಿದೆ. ಬ್ರೌಸರ್‌ಗಳು ಅದನ್ನು ಜಾವಾಸ್ಕ್ರಿಪ್ಟಿನ ‘ಇಂಟ್ಲ್’ ಸೌಲಭ್ಯದ ಮೂಲಕ ಒದಗಿಸುತ್ತವೆ. ಅದರ ಮೊದಲ ಮಾನಕ ಬಂದದ್ದು 2012ರಲ್ಲಿ. ಭಾಷೆ ಮತ್ತು ನಾಡನ್ನು ಸೂಚಿಸುವ ಪುಟ್ಟ ಸಂಕೇತವೊಂದನ್ನು ಕೊಟ್ಟರೆ ಸಾಕು. ಭಾರತೀಯ ಇಂಗ್ಲಿಷಿನ ಸಂಕೇತ ಕೊಟ್ಟಾಗ ಅಲ್ಪವಿರಾಮಗಳು ಲಕ್ಷ, ಕೋಟಿಯ ಲೆಕ್ಕಕ್ಕೆ ತಾವಾಗಿಯೇ ಬೀಳುತ್ತವೆ.

ಅನುಭವಿಗಳೂ ಎಡವುವುದು ಹುಟ್ಟಿದ ದಿನಾಂಕದಲ್ಲಿ. ಸಮಯ ಹೇಳದೆ 2025-04-03 ಎಂದಷ್ಟೇ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಕಾಲದ ನಡುರಾತ್ರಿ ಎಂದು ಭಾವಿಸುತ್ತದೆ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಇಲ್ಲಿ ತಾರೀಖು ಬದಲಾಗದು, ದೋಷವೂ ಕಣ್ಣಿಗೆ ಬೀಳದು. ನ್ಯೂಯಾರ್ಕಿನಲ್ಲಿ ಆಗಿನ್ನೂ ಹಿಂದಿನ ಸಂಜೆ. ಮಗುವಿನ ಹುಟ್ಟುಹಬ್ಬ ಒಂದು ದಿನ ಮೊದಲೇ ಬಂದುಬಿಡುತ್ತದೆ. ಸಮಯದ ಹಂಗಿಲ್ಲದ ದಿನಾಂಕವನ್ನು ಕಾಲವಲಯಕ್ಕೆ ಸಿಲುಕಿಸದಿರುವುದೇ ಲೇಸು.

ಕನ್ನಡದ ಸಂಕೇತಕ್ಕೆ ಅಂಕಿಪದ್ಧತಿಯನ್ನೂ ಸೇರಿಸಿದರೆ ‘ಇಂಟ್ಲ್’ ೧೨೩ ಎಂದು ಕನ್ನಡ ಅಂಕಿಗಳಲ್ಲೇ ತೋರಿಸಬಲ್ಲದು. ಆದರೆ ಬರೆಯಬಲ್ಲ ಅದಕ್ಕೆ ಓದಲು ಬಾರದು. ಬಳಕೆದಾರರು ೧೨೩ ಎಂದು ತುಂಬಿದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದೇ ಒಪ್ಪುವುದಿಲ್ಲ. 123 ಎಂದು ಬದಲಿಸುವ ಕೆಲಸ ಇಂದಿಗೂ ಪ್ರೋಗ್ರಾಮರ್‌ದೇ.