ತಂತಿಯ ಕೆಳಗೂ ತಂತಿ: ನಾರ್ವೆಯ ಹಳ್ಳಿ ಪಿಟೀಲು

ಮೊದಲ ಸಲ ಕೇಳುವವರಿಗೆ ಇದನ್ನು ನುಡಿಸುತ್ತಿರುವುದು ಒಬ್ಬರೇ ಎಂದರೆ ನಂಬಿಕೆ ಬರುವುದಿಲ್ಲ. ಒಂದು ತಂತಿಯ ಮೇಲೆ ರಾಗ ಓಡುತ್ತಿರುತ್ತದೆ, ಪಕ್ಕದ ತಂತಿ ಶ್ರುತಿ ಹಿಡಿದು ನಿಂತಿರುತ್ತದೆ. ಇವೆರಡರ ಹಿಂದೆ, ಯಾರೂ ಮುಟ್ಟದ ಎಲ್ಲಿಂದಲೋ ಸಣ್ಣಗೆ ಒಂದು ಝೇಂಕಾರ ಹೊಮ್ಮುತ್ತಿರುತ್ತದೆ. ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ, ಕಡಲು ಬೆಟ್ಟಗಳನ್ನು ಸೀಳಿಕೊಂಡು ಒಳನಾಡಿನವರೆಗೂ ಚಾಚಿರುವ ಹಾರ್ಡಾಂಗರ್ ಎಂಬ ಸೀಮೆಯ ಹೆಸರಿನಲ್ಲೇ ಈ ಪಿಟೀಲನ್ನು ಕರೆಯುತ್ತಾರೆ: ಹಾರ್ಡಿಂಗ್‌ಫೇಲೆ.

ಝೇಂಕಾರದ ಗುಟ್ಟು ವಾದ್ಯದ ಒಳಗೇ ಇದೆ. ಕಮಾನು ತಾಗುವ ನಾಲ್ಕು ತಂತಿಗಳ ಕೆಳಗೆ ಇನ್ನೂ ನಾಲ್ಕೋ ಐದೋ ತಂತಿಗಳು ಹಾದುಹೋಗುತ್ತವೆ. ಮೇಲಿನ ಸ್ವರ ಹೊಂದಿದಾಗ ಅವು ತಾವಾಗಿಯೇ ಮಿಡಿಯುತ್ತವೆ. ಸಾರಂಗಿ, ಸಿತಾರ್‌ಗಳ ತರಬ್ ತಂತಿಗಳನ್ನು ಬಲ್ಲ ನಮ್ಮ ಕಿವಿಗೆ ಈ ನಾದ ಅಪರಿಚಿತವೆನಿಸುವುದಿಲ್ಲ. ಕುದುರೆಯೂ ಸಾಮಾನ್ಯ ಪಿಟೀಲಿನದಕ್ಕಿಂತ ಚಪ್ಪಟೆ. ಹಾಗಾಗಿ ಎರಡು ತಂತಿಗಳನ್ನು ಒಟ್ಟಿಗೆ ಎಳೆಯುವುದು ಇಲ್ಲಿ ವಿಶೇಷವಲ್ಲ, ಅದೇ ರೂಢಿ. ಅಲಂಕಾರಕ್ಕಂತೂ ಕೊರತೆಯಿಲ್ಲ. ಬೆರಳೋಡುವ ಪಟ್ಟಿಯ ಮೇಲೆ ಮೂಳೆ ಮತ್ತು ಮುತ್ತಿನ ಚಿಪ್ಪಿನ ಕೆತ್ತನೆ, ಮೈಮೇಲೆ ಕಪ್ಪು ಶಾಯಿಯ ಹೂಬಳ್ಳಿ, ತಲೆಯ ಜಾಗದಲ್ಲಿ ಹಲವು ಸಲ ಕಿರೀಟ ತೊಟ್ಟ ಸಿಂಹ. 1651 ಎಂಬ ಇಸವಿ ಹೊತ್ತ ಯಾಸ್ಟಾಡ್ ಪಿಟೀಲನ್ನು ಅತ್ಯಂತ ಹಳೆಯದೆಂದು ಹೇಳುವ ವಾಡಿಕೆಯಿದೆ. ಆ ಇಸವಿಯನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಸಾಕ್ ಬೊಟ್ನೆನ್ ಮತ್ತು ಅವನ ಮಗ ಟ್ರೋಂಡ್ ಇದನ್ನು ಊರೂರಿಗೆ ಮುಟ್ಟಿಸಿದರು. ಇಂದಿನ ರೂಪ ಕೊಟ್ಟದ್ದು ಟೆಲೆಮಾರ್ಕ್ ಪ್ರಾಂತದ ಹೆಲ್ಲಾಂಡ್ ಮನೆತನ.

ಶ್ರುತಿ ಕೂಡಿಸುವ ಬಗೆಗಳೇ ಇಪ್ಪತ್ತಕ್ಕೂ ಹೆಚ್ಚಿವೆ. ಒಂದೊಂದು ಬಗೆಗೂ ಅದರದೇ ಬಣ್ಣ, ಅದರದೇ ಕಥೆ. ಒಂದಕ್ಕೆ ಟ್ರೋಲ್ ಎಂಬ ಬೆಟ್ಟದ ಭೂತದ ಹೆಸರೇ ಇದೆ. ಜಲಪಾತದಲ್ಲಿ ಫೊಸ್ಸೆಗ್ರಿಮ್ ಎಂಬ ಪಿಟೀಲುಗಾರ ವಾಸಿಸುತ್ತಾನೆ, ಮಾಂಸದ ಕಾಣಿಕೆ ಕೊಟ್ಟರೆ ವಿದ್ಯೆ ಕಲಿಸುತ್ತಾನೆ ಎಂದು ಹಳ್ಳಿಗರು ನಂಬಿದ್ದರು. ಕಾಣಿಕೆಯಲ್ಲಿ ಮಾಂಸ ಸಾಲದೆ ಬಂದರೆ ಶ್ರುತಿ ಮಾಡುವುದನ್ನಷ್ಟೇ ಕಲಿಸಿ ಕಳಿಸುತ್ತಾನಂತೆ. ಶ್ರುತಿಯೇ ಅರ್ಧ ವಿದ್ಯೆ ಎಂದು ತಿಳಿದವರು ಕಟ್ಟಿದ ಕಥೆ ಇದು.

ಆದರೆ ಈ ಸಂಗೀತದ ಜೀವ ಇರುವುದು ತಂತಿಗಿಂತ ಹೆಚ್ಚಾಗಿ ಕಾಲಿನಲ್ಲಿ ಎಂದೇ ನನ್ನ ಎಣಿಕೆ. ಇಲ್ಲಿನ ಕೃತಿಗಳಿಗೆ ‘ಸ್ಲೊಟ್’ ಎನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವು ಕುಣಿತಕ್ಕಾಗಿ ಹುಟ್ಟಿದವು. ಗಂಗಾರ್ ನಡಿಗೆಯ ಲಯದ್ದು. ಹಾಲಿಂಗ್ ಗಂಡಸರ ಪಟ್ಟಿನ ಕುಣಿತ, ಕೋಲಿನ ತುದಿಗೆ ಹಿಡಿದ ಟೊಪ್ಪಿಗೆಯನ್ನು ನೆಗೆದು ಒದೆಯುವಂಥದ್ದು. ಮೂರನೆಯದಾದ ಸ್ಪ್ರಿಂಗಾರ್ ನನಗೆ ಎಲ್ಲಕ್ಕಿಂತ ಸೋಜಿಗ. ಅದರದು ಮೂರು ಪೆಟ್ಟಿನ ಲಯ, ಆದರೆ ಮೂರೂ ಸಮನಾಗಿಲ್ಲ. ಟೆಲೆಮಾರ್ಕ್‌ನಲ್ಲಿ ಮೊದಲ ಪೆಟ್ಟು ಉದ್ದ, ಕೊನೆಯದು ಗಿಡ್ಡ. ವಾಲ್ಡ್ರೆಸ್ ಕಣಿವೆಗೆ ಹೋದರೆ ಮೊದಲನೆಯದೇ ಗಿಡ್ಡ, ಎರಡನೆಯದು ಉದ್ದ. ವಾದಕ ಕೂತಲ್ಲೇ ಪಾದದಿಂದ ನೆಲ ತಟ್ಟುತ್ತಾ ಈ ಓರೆ ಲಯವನ್ನು ಹಿಡಿದಿಡುತ್ತಾನೆ. ಕಾಗದದ ಮೇಲೆ ಮುಕ್ಕಾಲು ತಾಳವೆಂದು ಬರೆದಿಟ್ಟದ್ದನ್ನು ಓದಿ ನುಡಿಸಿದವನ ಎದುರು ಆ ಊರಿನವರ ಕಾಲು ಏಳುವುದಿಲ್ಲ. ಕಲಿಯಬೇಕೆಂದರೆ ಬಲ್ಲವರ ಎದುರು ಕೂತು ಕಲಿಯಬೇಕು. ಇಂದಿಗೂ ವಾದಕರು ಒಂದು ಸ್ಲೊಟ್ ಶುರುಮಾಡುವ ಮುನ್ನ ಅದು ಯಾರಿಂದ ಬಂದದ್ದು, ಅವರಿಗೆ ಯಾರಿಂದ ಬಂತು ಎಂದು ಹೇಳುತ್ತಾರೆ.

ಇದೆಲ್ಲ ಒಂದೇ ಥರ ಕೇಳಿಸುತ್ತದೆ ಎಂಬ ದೂರು ಹೊಸ ಕೇಳುಗರಲ್ಲಿ ಸಾಮಾನ್ಯ. ದೀರ್ಘವಾದ ರಾಗವಿಸ್ತಾರ ಇಲ್ಲಿ ಸಿಗುವುದಿಲ್ಲ. ಒಂದು ಪುಟ್ಟ ತುಣುಕು ಬರುತ್ತದೆ, ಮರಳಿ ಬರುತ್ತದೆ, ಮೂರನೆಯ ಸಲ ಒಂದು ಸ್ವರ ಜಾರಿರುತ್ತದೆ, ಕಮಾನಿನ ಎಳೆತ ಬದಲಾಗಿರುತ್ತದೆ, ಗಮನಿಸುವಷ್ಟರಲ್ಲಿ ಅದು ಬೇರೆಯದೇ ತುಣುಕಾಗಿರುತ್ತದೆ. ಈ ಬದಲಾವಣೆಗಳ ಬೆನ್ನು ಹತ್ತಿದವರಿಗೆ ಮಾತ್ರ ಸ್ಲೊಟ್ ಒಲಿಯುತ್ತದೆ. ಸ್ವರಸ್ಥಾನಗಳೂ ಪಿಯಾನೊದ ಮನೆಗಳಲ್ಲಿ ಕೂರುವಂಥವಲ್ಲ. ಹಳಬರ ಗಾಂಧಾರ, ಮಧ್ಯಮಗಳು ನಡುವೆ ಎಲ್ಲೋ ನಿಲ್ಲುತ್ತವೆ. ಟೆಲೆಮಾರ್ಕ್‌ನ ಐವಿಂಡ್ ಗ್ರೋವೆನ್ ಈ ಸ್ವರಗಳ ಬೆನ್ನುಬಿದ್ದು, ಸಹಜ ಶ್ರುತಿಯಲ್ಲಿ ನುಡಿಯುವ ಆರ್ಗನ್ ಒಂದನ್ನೇ ಕಟ್ಟಿದರು. 1931ರಿಂದ ರೇಡಿಯೊದಲ್ಲಿ ಜನಪದ ಸಂಗೀತಕ್ಕೆ ಜಾಗ ಮಾಡಿಕೊಟ್ಟವರೂ ಅವರೇ.

ಆ ಜಾಗ ಸುಲಭವಾಗಿ ಸಿಕ್ಕಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ಹಳ್ಳಿಗಳಲ್ಲಿ ಬೀಸಿದ ಧರ್ಮಜಾಗೃತಿಯ ಗಾಳಿ ಪಿಟೀಲನ್ನು ಸೈತಾನನ ವಾದ್ಯವೆಂದಿತು. ಕುಣಿತ, ಕುಡಿತ, ಮದುವೆಮನೆಯ ಜಗಳ ಎಲ್ಲದಕ್ಕೂ ಅದೇ ಕಾರಣವೆಂದು ತೀರ್ಮಾನವಾಯಿತು. ಎಷ್ಟೋ ವಾದ್ಯಗಳು ಒಲೆ ಸೇರಿದವು. ಎಷ್ಟೋ ವಾದಕರು ತಾವಾಗಿಯೇ ನುಡಿಸುವುದನ್ನು ಬಿಟ್ಟರು. ಉಳಿದವರಲ್ಲಿ ಕೆಲವರು ಅಮೆರಿಕಕ್ಕೆ ವಲಸೆ ಹೋದರು. ಇದರ ನಡುವೆಯೇ ಟೆಲೆಮಾರ್ಕ್‌ನ ಗಿರಣಿಯವನ ಮಗ ಟೊರ್ಗೈರ್ ಆಗುಂಡ್ಸನ್ ಬೆಳೆದದ್ದು. ನಾರ್ವೆಯವರು ಮಿಲ್ಲಾರ್‌ಗುಟ್ಟೆನ್ ಎಂದು ನೆನೆಯುವುದು ಅವನನ್ನೇ. ಯುರೋಪನ್ನೆಲ್ಲ ಗೆದ್ದಿದ್ದ ಪಿಟೀಲು ವಿದ್ವಾಂಸ ಓಲೆ ಬುಲ್ 1849ರಲ್ಲಿ ಅವನನ್ನು ರಾಜಧಾನಿಯ ವೇದಿಕೆಗೆ ಕರೆತಂದ. ಮದುವೆಮನೆಯ ಸಂಗೀತವನ್ನು ಪಟ್ಟಣದವರು ಸುಮ್ಮನೆ ಕೂತು ಕೇಳಿದರು. 1888ರಲ್ಲಿ ಟೆಲೆಮಾರ್ಕ್‌ನ ಬೋ ಎಂಬಲ್ಲಿ ವಾದಕರ ಸ್ಪರ್ಧೆ ನಡೆಯಿತು. ಅಂಥ ಸ್ಪರ್ಧೆಗಳು ಇಂದಿಗೂ ನಡೆಯುತ್ತಿವೆ. ಸ್ಪರ್ಧೆ ಬಂದ ಮೇಲೆ ಕುಣಿತಕ್ಕಿಂತ ಕೈಚಳಕಕ್ಕೆ ತೂಕ ಹೆಚ್ಚಾದದ್ದು ನಿಜ. ಆದರೆ ಸ್ಪರ್ಧೆಗಳಿಲ್ಲದಿದ್ದರೆ ಹಲವು ಸ್ಲೊಟ್‌ಗಳು ಅಜ್ಜಂದಿರ ಜೊತೆಗೇ ಮಣ್ಣಾಗುತ್ತಿದ್ದವು.

ಆ ಭಯ ಕ್ನೂಟ್ ಡಾಲೆ ಎಂಬ ಮುದುಕನನ್ನೂ ಕಾಡಿತ್ತು. ಮಿಲ್ಲಾರ್‌ಗುಟ್ಟೆನ್‌ನಿಂದ ನೇರವಾಗಿ ಕಲಿತವನು ಅವನು. ತಾನು ಸತ್ತರೆ ಇವೂ ಸಾಯುತ್ತವೆ ಎಂದು ಸಂಗೀತಗಾರ ಎಡ್ವರ್ಡ್ ಗ್ರೀಗ್‌ಗೆ ಪತ್ರ ಬರೆದ. 1901ರಲ್ಲಿ ಪಿಟೀಲುವಾದಕ ಯೋಹಾನ್ ಹಾಲ್ವೊರ್ಸನ್ ಅವನ ಎದುರು ಕೂತು ಹದಿನೇಳು ಸ್ಲೊಟ್‌ಗಳನ್ನು ಬರೆದುಕೊಂಡರು, ಗ್ರೀಗ್ ಅವನ್ನು ಪಿಯಾನೊಗೆ ಅಳವಡಿಸಿ 1903ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಮಿಲ್ಲಾರ್‌ಗುಟ್ಟೆನ್‌ನ ಮದುವೆ ಮೆರವಣಿಗೆಯೂ ಒಂದು. ಒಲಿದ ಹುಡುಗಿ ಕಾರಿ ಅವನನ್ನು ಬಿಟ್ಟು ಬೇರೊಬ್ಬನ ಕೈಹಿಡಿದಾಗ ಹುಟ್ಟಿದ್ದೆಂದು ಪ್ರತೀತಿ.

ಈ ಸಂಗೀತಕ್ಕೆ ಹೊಸಬರಾದವರು ಅಲ್ಲಿಂದಲೇ ಶುರುಮಾಡಿ. ಆ ಸ್ಲೊಟ್‌ಗಳನ್ನು ಕ್ನೂಟ್ ಬುಯೆನ್ ಪಿಟೀಲಿನಲ್ಲೂ ಐನಾರ್ ಸ್ಟೀನ್-ನೋಕ್ಲೆಬೆರ್ಗ್ ಪಿಯಾನೊದಲ್ಲೂ ನುಡಿಸಿರುವ ಧ್ವನಿಮುದ್ರಿಕೆಯಿದೆ. ಮೊದಲು ಗ್ರೀಗ್‌ನ ಪಿಯಾನೊ ಕೇಳಿ, ಆಮೇಲೆ ಅದೇ ಸ್ಲೊಟ್ಟನ್ನು ಪಿಟೀಲಿನಲ್ಲಿ ಕೇಳಿ. ವಾದಕರ ಪಾದದ ಸದ್ದು ಕೇಳಿಸುವಂಥ ಬೇರೆ ಮುದ್ರಿಕೆಗಳು ಸಿಕ್ಕರೆ ಅವನ್ನೂ ಬಿಡಬೇಡಿ.